ರಕ್ತ ಕಂಡರಾಗದ ಮೊಂಜಿ

ಮಕ್ತಾರ್ ಊರಿನ ಲುವಾಜ್ ನಿಲ್ದಾಣದಲ್ಲಿ ಮೊಂಜಿಯ ಮೀಸೆಗಿಂತ ದೊಡ್ಡ ಮೀಸೆ ಇರಲಿಲ್ಲ, ಅವನ ದನಿಗಿಂತ ದೊಡ್ಡ ದನಿಯೂ ಇರಲಿಲ್ಲ. "ಕೈರುವಾನ್! ಕೈರುವಾನ್! ಇನ್ನೊಂದೇ ಸೀಟು!" ಎಂದು ಅವನು ಕೂಗಿದರೆ ಊರಾಚೆಯ ಹಳೇ ಕಲ್ಲುಕಮಾನಿನ ಮೇಲೆ ಕೂತ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಲುವಾಜ್ ಎಂದರೆ ಎಂಟು ಸೀಟಿನ ಕೆಂಪು ಪಟ್ಟಿಯ ಬಿಳೀ ಬಾಡಿಗೆ ವ್ಯಾನು, ಸೀಟು ತುಂಬಿದ ಮೇಲೆಯೇ ಹೊರಡುವುದು. ಇಪ್ಪತ್ತಾರು ವರ್ಷದಿಂದ ಅದೇ ದಾರಿ, ಅದೇ ಕೂಗು.

ಇಂಥ ಆಳಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ.

ಈ ಗುಟ್ಟು ಹೆಂಡತಿ ಝಕಿಯಾಳಿಗೆ ಮಾತ್ರ ಗೊತ್ತು. ಬಕ್ರೀದ್ ದಿನ ಬೀದಿಯ ಗಂಡಸರೆಲ್ಲ ತೋಳು ಮಡಚಿಕೊಂಡು ಕುರಿಯ ಮುಂದೆ ನಿಂತರೆ, ಮೊಂಜಿ ಮನೆಯ ತಾರಸಿಗೆ ಹೋಗಿ ಟಿ.ವಿ. ಡಿಶ್ ಸರಿಮಾಡುತ್ತಿದ್ದ. ಪ್ರತಿ ವರ್ಷವೂ ಅದೇ ದಿನ ಆ ಡಿಶ್ ಕೆಡುತ್ತಿತ್ತು. ಕಸಾಯಿಯವನು ಬಂದು ಕೆಲಸ ಮುಗಿಸಿ, ಝಕಿಯಾ ಅಂಗಳ ತೊಳೆದು, "ಇಳೀರಿ, ಈಗ ಚಾನೆಲ್ ಚೆನ್ನಾಗಿ ಬರ್ತಿದೆ" ಎಂದು ಕೂಗಿದ ಮೇಲೆ ಅವನು ಇಳಿಯುತ್ತಿದ್ದ.

ಮದುವೆಯಾಗಿ ಇಪ್ಪತ್ತೆರಡು ವರ್ಷ ಝಕಿಯಾ ಗುಟ್ಟು ಕಾಪಾಡಿದಳು. ಅದನ್ನು ಒಂದೇ ಮಧ್ಯಾಹ್ನದಲ್ಲಿ ಬಯಲು ಮಾಡಿದ್ದು ರಫೀಕಾ ಎಂಬ ನರ್ಸು.

ಚಾಲಕರ ಸಂಘದವರು ಆ ಬೇಸಿಗೆಯಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ಇಟ್ಟಿದ್ದರು, ನಾಲ್ಕು ಭಾನುವಾರ. ಪುಕ್ಕಟೆ ಕಾಫಿ ಇದೆ ಎಂದು ಒಂಬತ್ತು ಮಂದಿ ಬಂದರು. ರಫೀಕಾ ಕಡ್ಡಿಯಂಥ ಹೆಂಗಸು, ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಹದಿನೆಂಟು ವರ್ಷ ಕಳೆದವಳು. ಮೇಜಿನ ಮೇಲೆ ಒಂದು ರಬ್ಬರ್ ಗೊಂಬೆ ಮಲಗಿಸಿದ್ದಳು. ಚಾಲಕರು ಅದಕ್ಕೆ ಕೂಡಲೇ 'ಎಂಟನೆಯವ' ಎಂದು ಹೆಸರಿಟ್ಟರು. "ನೋಡ್ರಪ್ಪಾ, ನಾವು ಬಿಸಿಲಲ್ಲಿ ಒಂದೊಂದು ಗಂಟೆ ಕಾಯೋದು ಇವನಿಗೇ. ಇವನಿಲ್ಲಿ ಆರಾಮಾಗಿ ಮಲಗಿದಾನೆ!"

ನಗು ನಿಲ್ಲುವ ತನಕ ರಫೀಕಾ ಕಾದಳು. "ನಗ್ರಿ, ಪರವಾಗಿಲ್ಲ. ಈಗ ಒಂದು ಮಾತು ಹೇಳಿ. ಈ ರಸ್ತೇಲಿ ಗಾಡಿ ಮಗುಚಿದ್ರೆ ಮೊದಲು ಅಲ್ಲಿಗೆ ಬರೋರು ಯಾರು? ನಾನಾ? ಡಾಕ್ಟರಾ?"

"ಪೊಲೀಸ್ರು," ಎಂದ ಒಬ್ಬ.

"ಪೊಲೀಸ್ರು ಸಂಜೆ ಬರ್ತಾರೆ," ಎಂದ ಇನ್ನೊಬ್ಬ.

"ನೀವು ಬರ್ತೀರಿ," ಎಂದಳು ರಫೀಕಾ. "ದಿನಕ್ಕೆ ನಾಲ್ಕು ಸಲ ಆ ದಾರೀಲಿ ಹೋಗೋರು ನೀವು. ನಮ್ಮ ಆಂಬುಲೆನ್ಸ್ ಬರೋಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಷ್ಟು ಹೊತ್ತು ಆ ಮನುಷ್ಯ ನಿಮ್ಮ ಕೈಲಿರ್ತಾನೆ. ಬದುಕಿಸೋದೂ ನೀವೇ, ಕೆಡಿಸೋದೂ ನೀವೇ."

ಹೀಗೆ ಹೇಳಿ ಅವಳು ಗೊಂಬೆಯ ತೊಡೆಯ ಮೇಲೆ ಬೀಟ್‌ರೂಟ್ ರಸ ಸುರಿದಳು. "ಬನ್ನಿ, ಮೀಸೆಯೋರೇ, ಇದನ್ನ ನಿಲ್ಲಿಸಿ ನೋಡೋಣ."

ಮೊಂಜಿ ಎದ್ದ. ಎರಡು ಹೆಜ್ಜೆ ಇಟ್ಟ. ಆಮೇಲೆ ಏನಾಯಿತೆಂದು ಅವನಿಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅವನು ನೆಲದ ಮೇಲಿದ್ದ, ಎರಡೂ ಕಾಲು ಕುರ್ಚಿಯ ಮೇಲಿದ್ದವು, ಎಂಟು ಚಾಲಕರ ತಲೆಗಳು ಮೇಲಿಂದ ಬಗ್ಗಿ ನೋಡುತ್ತಿದ್ದವು.

"ಇದೂ ಒಳ್ಳೇದೇ ಆಯ್ತು," ಎಂದಳು ರಫೀಕಾ. "ಮೂರ್ಛೆ ಹೋದೋರಿಗೆ ಏನು ಮಾಡ್ಬೇಕು ಅಂತಾನೂ ಕಲಿತ್ರಿ."

ಮರುದಿನದಿಂದ ನಿಲ್ದಾಣದಲ್ಲಿ ಮೊಂಜಿಯ ಪಾಡು ಹೇಳತೀರದು. ಚಹಾದಂಗಡಿಯವನು ಟೊಮೆಟೊ ಕತ್ತರಿಸುವಾಗ, "ಸ್ವಲ್ಪ ಆ ಕಡೆ ತಿರುಗಿ ಅಣ್ಣಾ, ನೋಡೋ ಹಾಗಿಲ್ಲ" ಎನ್ನುತ್ತಿದ್ದ. ಒಬ್ಬ ಹರೀಸಾ ಎಂಬ ಕೆಂಪು ಖಾರದ ಬಾಟಲಿಗೆ ಕಾಗದ ಸುತ್ತಿ ತಂದಿಟ್ಟ. ಮೊಂಜಿ ಮೂರು ದಿನ ಯಾರ ಮುಖವನ್ನೂ ನೋಡದೆ ಗಾಡಿ ಓಡಿಸಿದ. ಇನ್ನು ಆ ತರಗತಿಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡ.

ಆದರೆ ಅವನನ್ನು ಕೊರೆಯುತ್ತಿದ್ದದ್ದು ನಗೆಯಲ್ಲ. ಹನ್ನೊಂದು ವರ್ಷದ ಹಿಂದೆ ಕೈರುವಾನ್ ದಾರಿಯಲ್ಲಿ ಹಫೂಜ್ ಊರು ದಾಟಿದ ಮೇಲೆ ಒಂದು ಮೋಟಾರ್ ಸೈಕಲ್ ಬಿದ್ದಿತ್ತು. ಜನ ಸವಾರನನ್ನು ಕೈಕಾಲು ಹಿಡಿದೆತ್ತಿ, ಮೂಟೆಯ ಹಾಗೆ ಕಾರಿನ ಹಿಂದಿನ ಸೀಟಿಗೆ ತುರುಕಿದ್ದರು. ಮೊಂಜಿ ಇಪ್ಪತ್ತು ಗಜ ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಫೋನನ್ನು ಕಿವಿಗಿಟ್ಟುಕೊಂಡು ಯಾರ ಜೊತೆಗೋ ಮಾತಾಡುವವನ ಹಾಗೆ ನಟಿಸಿದ್ದ. ಆ ಸವಾರ ದಾರಿಯಲ್ಲೇ ತೀರಿಕೊಂಡನಂತೆ. ಎಲ್ಲರೂ ಅವನ ಹಣೆಬರಹ ಎಂದರು. ಈಗ ರಫೀಕಾ ಆಡಿದ 'ಕೆಡಿಸೋದೂ ನೀವೇ' ಎಂಬ ಮಾತು ಅವನ ಕಿವಿಯಿಂದ ಹೋಗಲೊಲ್ಲದು. ಕೆಡಿಸಲಿಕ್ಕಾದರೂ ಹತ್ತಿರ ಹೋಗಬೇಕಿತ್ತಲ್ಲ, ನಾನು ಅದನ್ನೂ ಮಾಡಲಿಲ್ಲ ಎನಿಸಿತು ಅವನಿಗೆ.

ಮುಂದಿನ ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ರಫೀಕಾಳ ಮುಂದೆ ನಿಂತ. "ತಂಗಿ, ನನ್ನ ಕೈಲಿ ಆಗಲ್ಲ. ಆದ್ರೆ ಕಲೀಬೇಕು."

ರಫೀಕಾ ನಗಲಿಲ್ಲ. "ನಮ್ಮ ವಾರ್ಡಿನಲ್ಲೂ ನಿಮ್ಮಂಥೋರು ಇದ್ರು. ಈಗ ಹೊಲಿಗೆ ಹಾಕ್ತಾರೆ. ಕಣ್ಣು ಕತ್ತಲೆ ಬರೋ ಹಾಗಾದಾಗ ತೊಡೆ, ಹೊಟ್ಟೆ, ತೋಳು ಎಲ್ಲಾ ಬಿಗಿ ಹಿಡೀರಿ, ಭಾರ ಎತ್ತೋರ ಹಾಗೆ. ಹತ್ತು ಎಣಿಸಿ ಬಿಡಿ, ಮತ್ತೆ ಹಿಡೀರಿ. ರಕ್ತ ಮೆದುಳಿಗೆ ಹತ್ತುತ್ತೆ, ಬೀಳಲ್ಲ. ಇನ್ನೊಂದು ಏನಂದ್ರೆ, ಎಲ್ಲಾ ಕೆಲಸ ನೀವೇ ಮಾಡ್ಬೇಕು ಅಂತ ಯಾರು ಹೇಳಿದ್ದು? ಆ ದನಿ ಯಾಕಿದೆ ನಿಮಗೆ?"

ಮೂರು ಭಾನುವಾರ ಮೊಂಜಿ ಕಲಿತ. ಬೀಟ್‌ರೂಟ್ ರಸದ ಮುಂದೆ ತೊಡೆ ಬಿಗಿದು, ಮುಖ ಬಿಗಿದು, ಮೀಸೆ ಅದುರಿಸುತ್ತ ನಿಂತ. ಕೊನೆಯ ದಿನ ಮೂವತ್ತು ಎಣಿಸುವ ತನಕ ತಡೆದುಕೊಂಡ. ಉಳಿದವರು ಚಪ್ಪಾಳೆ ತಟ್ಟಿದರು.

ಅದಾಗಿ ಮೂರು ವಾರಕ್ಕೆ, ಆಗಸ್ಟಿನ ಒಂದು ಬೆಳಿಗ್ಗೆ, ಮೊಂಜಿಯ ಲುವಾಜ್ ಕೈರುವಾನ್ ಕಡೆಗೆ ಹೊರಟಿತ್ತು. ಅವನ ಪಕ್ಕದ ಸೀಟಿನಲ್ಲಿ ಮಹರ್ಜಿಯಾ ಎಂಬ ಮುದುಕಿ. ಮದುವೆ ಬಟ್ಟೆ ಹೊಲಿಯುವವಳು, ತೊಡೆಯ ಮೇಲೆ ಇಷ್ಟು ದೊಡ್ಡ ಗಂಟು. ಹಿಂದೆ ರಜೆಗೆ ಬಂದ ಒಬ್ಬ ಸೈನಿಕ, ಇನ್ನೂ ಆರು ಮಂದಿ.

"ಸ್ವಲ್ಪ ನಿಧಾನ ಹೋಗು ಮಗಾ, ಈ ಗಂಟಲ್ಲಿರೋ ಮದುಮಗಳ ಬಟ್ಟೆ ಸುಕ್ಕಾಗುತ್ತೆ," ಎಂದಳು ಮುದುಕಿ.

"ಚಿಕ್ಕಮ್ಮಾ, ಹೋದ ವಾರ ತುಂಬಾ ನಿಧಾನ ಅಂತ ಬೈದಿದ್ರಿ."

"ಹೋದ ವಾರ ಗಂಟು ಇರಲಿಲ್ಲ."

ಇಳಿಜಾರಿನ ತಿರುವು ದಾಟಿದ್ದೇ, ರಸ್ತೆಯ ತುಂಬ ಪಾಪಾಸುಕಳ್ಳಿ ಹಣ್ಣು. ಹಣ್ಣಿನ ಪೆಟ್ಟಿಗೆ ಹೇರಿದ್ದ ಪಿಕಪ್ ಒಂದು ಚರಂಡಿಗೆ ಅಡ್ಡಬಿದ್ದು, ಚಕ್ರ ಇನ್ನೂ ತಿರುಗುತ್ತಿತ್ತು. ಅದರ ಚಾಲಕ, ನಲವತ್ತರ ಆಸುಪಾಸಿನವನು, ನಾಲ್ಕು ಮಾರು ಆಚೆ ಒಣಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಎಡಗೈ ಕೆಂಪಾಗಿತ್ತು.

ಮೊಂಜಿಯ ಕಿವಿಯಲ್ಲಿ ಗುಂಯ್ ಎಂದಿತು. ಸ್ಟಿಯರಿಂಗ್ ಹಿಡಿದೇ ತೊಡೆ ಬಿಗಿದ. ಹತ್ತು ಎಣಿಸಿದ. ಗಾಡಿಯನ್ನು ಅಂಚಿಗೆ ನಿಲ್ಲಿಸಿ, ನಾಲ್ಕೂ ದೀಪ ಮಿನುಗಿಸಿ ಇಳಿದ.

"ತಮ್ಮಾ, ಆ ಎಚ್ಚರಿಕೆ ತ್ರಿಕೋನ ತಗೊಂಡು ತಿರುವಿನ ಆಚೆ ಇಟ್ಟು, ಅಲ್ಲೇ ಅಂಚಲ್ಲಿ ನಿಂತ್ಕೊಂಡು ಬರೋ ಗಾಡಿಗಳಿಗೆ ಕೈ ಬೀಸು," ಎಂದು ಸೈನಿಕನನ್ನು ಓಡಿಸಿದ. ತಾನೇ ಹೋಗಿ ಪಿಕಪ್ಪಿನ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಆಂಬುಲೆನ್ಸಿಗೆ ಫೋನು ಮಾಡಿ ಊರು, ತಿರುವು, ಎಷ್ಟು ಮಂದಿಗೆ ಪೆಟ್ಟು ಎಂದು ಬಿಡಿಬಿಡಿಯಾಗಿ ಹೇಳಿದ. ಫೋನು ಇಡುವಷ್ಟರಲ್ಲಿ ಎದುರಿನಿಂದ ಬಂದ ಕಾರಿನಿಂದ ಇಬ್ಬರು ಇಳಿದು, ಬಿದ್ದವನ ಕಂಕುಳಿಗೆ ಕೈ ಹಾಕುತ್ತಿದ್ದರು.

"ಎತ್ತು, ಎತ್ತು, ಕಾರಲ್ಲಿ ಹಾಕ್ಕೊಂಡು ಹೋಗೋಣ!" ಎಂದ ಅವರಲ್ಲಿ ದಪ್ಪಗಿದ್ದವನು.

"ಬಿಡ್ರೀ ಅವನ್ನ!"

ಇಪ್ಪತ್ತಾರು ವರ್ಷ ಕೈರುವಾನ್ ಕೈರುವಾನ್ ಎಂದು ಕೂಗಿದ ಗಂಟಲು. ಇಬ್ಬರೂ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ತೆಗೆದರು.

"ಯಾರಯ್ಯಾ ನೀನು, ಡಾಕ್ಟರಾ?"

"ಡ್ರೈವರು. ಗಾಡಿಗೆ ಬೆಂಕಿ ಬಿದ್ದಿಲ್ಲ, ಉಸಿರಾಡ್ತಿದಾನೆ, ನರಳ್ತಿದಾನೆ. ಕುತ್ತಿಗೆ ಮುರಿದಿದ್ರೆ ನೀವು ಎತ್ತಿದ್ದಕ್ಕೇ ಜನ್ಮಪೂರ್ತಿ ಮಲಗ್ತಾನೆ. ಮೊದಲು ಆ ಸಿಗರೇಟು ಆರಿಸು, ಪೆಟ್ರೋಲ್ ವಾಸನೆ ಬರ್ತಿಲ್ವಾ?"

ಮೊಂಜಿ ಬಿದ್ದವನ ತಲೆಯ ಹಿಂದೆ ಮಂಡಿಯೂರಿ, ಎರಡೂ ಅಂಗೈಯಿಂದ ತಲೆಯನ್ನು ಇದ್ದ ಹಾಗೆಯೇ ಹಿಡಿದ. "ಹೆಸರೇನಪ್ಪಾ?"

"ಸಹಬಿ... ಕುತ್ತಿಗೆ ನೋಯ್ತಿದೆ ಅಣ್ಣಾ."

"ತಲೆ ಅಲ್ಲಾಡಿಸ್ಬೇಡ. ಹೌದು, ಅಲ್ಲ, ಎಲ್ಲಾ ಬಾಯಲ್ಲೇ ಹೇಳು. ನಾನು ಬಿಡಲ್ಲ, ಆಯ್ತಾ?" ಆಮೇಲೆ ತಲೆಯೆತ್ತಿ ಕೂಗಿದ. "ಕೈಯಿಂದ ರಕ್ತ ಹೋಗ್ತಿದೆ. ಯಾರಾದ್ರೂ ಒತ್ತಿ ಹಿಡೀಬೇಕು. ಯಾರ ಕೈ ನಡುಗಲ್ಲ?"

ಮಹರ್ಜಿಯಾ ಆಗಲೇ ಪಕ್ಕದಲ್ಲಿ ಕೂತಾಗಿತ್ತು. "ಐವತ್ತು ವರ್ಷ ಸೂಜಿ ಹಿಡಿದ ಕೈ ಇದು. ಹೇಳು."

"ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಳ್ಳಿ. ಗಾಯದಲ್ಲಿ ಗಾಜು ಚುಚ್ಚಿಕೊಂಡಿದೆಯಾ ನೋಡಿ."

"ಗಾಜಿಲ್ಲ. ಉದ್ದಕ್ಕೆ ಸೀಳಿದೆ, ಒಳಗಡೆ..."

"ಒಳಗಡೆ ಏನಿದೆ ಅಂತ ಹೇಳೋದು ಬೇಡ ಚಿಕ್ಕಮ್ಮಾ! ಶುದ್ಧ ಬಟ್ಟೆ ಮಡಚಿಟ್ಟು ಗಟ್ಟಿಯಾಗಿ ಒತ್ತಿ. ಒತ್ತಿದ್ದನ್ನ ತೆಗೆದು ನೋಡ್ಬೇಡಿ. ಒದ್ದೆಯಾದ್ರೆ ಅದರ ಮೇಲೇ ಇನ್ನೊಂದು ಇಡಿ."

ಮುದುಕಿ ಗಂಟು ಬಿಚ್ಚಿದಳು. ಮದುಮಗಳಿಗೆಂದು ಇಟ್ಟ ಬಿಳೀ ಹತ್ತಿ ಬಟ್ಟೆ ಹೊರಗೆ ಬಂತು. ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದು, ಮೊಂಜಿಯ ಕಡೆ ನೋಡಿದಳು. ಅವನು ಗದ್ದ ಎತ್ತಿ ನೆಟ್ಟಗೆ ಆಕಾಶ ನೋಡುತ್ತಿದ್ದ.

"ಯಾಕೋ ಮೇಲೆ ನೋಡ್ತೀಯಾ? ಆಂಬುಲೆನ್ಸ್ ಮೋಡದಿಂದ ಇಳಿಯುತ್ತಾ?"

"ನಂಗೆ ರಕ್ತ ಕಂಡ್ರೆ ಆಗಲ್ಲ," ಎಂದ ಮೊಂಜಿ. ಅಷ್ಟು ಜನರೆದುರಿಗೆ, ಅಷ್ಟೇ ದೊಡ್ಡ ದನಿಯಲ್ಲಿ. "ತಲೆ ತಿರುಗುತ್ತೆ. ನೀವು ನೋಡಿ, ನಾನು ಹೇಳ್ತೀನಿ."

ಯಾರೂ ನಗಲಿಲ್ಲ. ಮಲಗಿದ್ದ ಸಹಬಿಯೇ, "ನಂಗೂ ಆಗಲ್ಲ ಅಣ್ಣಾ" ಎಂದ.

"ಹಾಗಾದ್ರೆ ನೀನೂ ಮೇಲೆ ನೋಡು. ಇಬ್ಬರೂ ನೋಡೋಣ."

ದಪ್ಪನೆಯವನಿಗೆ ಸುಮ್ಮನಿರಲಾಗಲಿಲ್ಲ. ಸಕ್ಕರೆ ನೀರು ಕದಡಿಕೊಂಡು ತಂದ. ಗಾಬರಿಯಾದವರಿಗೆಲ್ಲ ಅದನ್ನೇ ಅಲ್ಲವೇ ಕೊಡುವುದು.

"ಬೇಡಣ್ಣಾ. ಆಪರೇಷನ್ ಗಿಪರೇಷನ್ ಆದ್ರೆ ಹೊಟ್ಟೇಲಿ ಏನೂ ಇರಬಾರದು, ಮಲಗಿದೋನಿಗೆ ನೆತ್ತಿಗೂ ಹತ್ತುತ್ತೆ. ನೀನೊಂದು ಕೆಲಸ ಮಾಡು, ನಿನ್ನ ಮೈ ಅಗಲ ಇದೆ, ಇಲ್ಲಿ ಬಿಸಿಲಿಗೆ ಅಡ್ಡ ನಿಂತ್ಕೋ."

ಅವನು ನಿಂತ. ನಿಜಕ್ಕೂ ಒಳ್ಳೆಯ ನೆರಳು.

ಮೂವತ್ತೈದು ನಿಮಿಷ. ಮೊಂಜಿಯ ಮಂಡಿಗೆ ಕಳ್ಳಿಮುಳ್ಳು ಚುಚ್ಚಿತ್ತು, ತೋಳು ಜೋಮು ಹಿಡಿದಿತ್ತು. ತೊಡೆ ಬಿಗಿಯುವುದು, ಬಿಡುವುದು, ಸಹಬಿಯನ್ನು ಮಾತಾಡಿಸುವುದು. ಎಷ್ಟು ಮಕ್ಕಳು? ಮೂರು. ದೊಡ್ಡವಳು ಏನು ಓದುತ್ತಾಳೆ? ಹಣ್ಣು ಎಲ್ಲಿಗೆ ಹೊರಟಿತ್ತು? ನಡುವೆ ಒಮ್ಮೆ ಸಹಬಿಯ ಮಾತು ತೊದಲಿ ಕಣ್ಣು ಮುಚ್ಚಿತು. ಮೊಂಜಿಗೆ ಮೋಟಾರ್ ಸೈಕಲಿನವನ ನೆನಪಾಯಿತು. "ಸಹಬೀ! ಕೈರುವಾನ್ ಬಂತು, ಇಳೀಬೇಕು!" ಎಂದು ಗದರಿದ. ಸಹಬಿ ಕಣ್ಣು ಬಿಟ್ಟು, "ಇಷ್ಟು ಬೇಗಾನಾ?" ಎಂದ.

ಆಂಬುಲೆನ್ಸಿನವರು ಬಂದು ಕುತ್ತಿಗೆಗೆ ಪಟ್ಟಿ ಕಟ್ಟುವ ತನಕ ಮೊಂಜಿ ಕೈ ತೆಗೆಯಲಿಲ್ಲ. "ಯಾರೂ ಇವನ್ನ ಎತ್ತಲಿಲ್ವಾ? ಒಳ್ಳೇದು ಮಾಡಿದ್ರಿ," ಎಂದ ಅವರಲ್ಲೊಬ್ಬ. ಬಾಗಿಲು ಮುಚ್ಚಿ ಗಾಡಿ ಹೊರಟಿತು. ಮೊಂಜಿ ಎದ್ದು ನಿಂತು, ಆಗ ಮೊದಲ ಸಲ ಕೆಳಗೆ ನೋಡಿದ. ಹುಲ್ಲಿನ ಮೇಲೆ ಉಳಿದಿದ್ದ ಬಿಳೀ ಬಟ್ಟೆ ಬಿಳಿಯಾಗಿರಲಿಲ್ಲ.

"ಹಿಡೀರೋ ಅವನ್ನ!" ಎಂದು ಮಹರ್ಜಿಯಾ ಕೂಗುವಷ್ಟರಲ್ಲಿ ಅವನು ದಪ್ಪನೆಯವನ ತೋಳಿಗೆ ಒರಗಿಯಾಗಿತ್ತು.

ಸಹಬಿಯ ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಎಳೆದಾಡಿದ್ದರೆ ಕೈಕಾಲು ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ರಫೀಕಾ ನಿಲ್ದಾಣಕ್ಕೇ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಹೋದಳು. ಚಹಾದಂಗಡಿಯವನು ಆ ದಿನ ಟೊಮೆಟೊ ಕತ್ತರಿಸುತ್ತ ಏನೂ ಅನ್ನಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಶುರು ಮಾಡಿದ, ಅದು ಬೇರೆ ಮಾತು.

ಅಕ್ಟೋಬರಿನಲ್ಲಿ ಒಂದು ದಿನ, ಏಳು ಸೀಟು ತುಂಬಿ ಮೊಂಜಿ ಕೂಗುತ್ತಿದ್ದಾಗ, ಕುತ್ತಿಗೆಗೆ ದಪ್ಪ ಪಟ್ಟಿ ಹಾಕಿಕೊಂಡ ಒಬ್ಬ ಬಂದು ಮುಂದಿನ ಸೀಟು ಕೇಳಿದ. ಮೊಂಜಿಗೆ ಗುರುತು ಹತ್ತಲಿಲ್ಲ. ಬಂದವನು ಕುತ್ತಿಗೆ ಎತ್ತಲಾರದೆ, ಮೈಯನ್ನೇ ಹಿಂದಕ್ಕೆ ವಾಲಿಸಿ, ಅವನ ಮುಖವನ್ನು ಕೆಳಗಿನಿಂದ ನೋಡಲು ಹವಣಿಸಿದ.

"ಇದೇ ಮೀಸೆ," ಎಂದ. "ಕೆಳಗಿಂದ ನೋಡಿದೋನು ನಾನು, ಮರೆಯಲ್ಲ."

"ಸಹಬೀ!"

ಇಬ್ಬರೂ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು ನಿಂತರು. ಒಳಗೆ ಕೂತವರು ಹೊರಡೋಣವೇ ಎಂದು ಗೊಣಗಿದ ಮೇಲೆ ಗಾಡಿ ಹತ್ತಿದರು.

ಊರು ದಾಟುತ್ತಿದ್ದಂತೆ ಸಹಬಿ ಕೇಳಿದ. "ಆ ತರಗತಿ ಮತ್ತೆ ಯಾವಾಗ?"

"ಇದೇ ಭಾನುವಾರ. ಮೊದಲ ಸಲ ಒಂಬತ್ತು ಜನ ಇದ್ವಿ, ಈ ಸಲ ಮೂವತ್ತೊಂದು ಹೆಸರು ಬಂದಿದೆ. ಮಹರ್ಜಿಯಾ ಚಿಕ್ಕಮ್ಮನೂ ಬರ್ತಾರೆ. ಲೈಸೆನ್ಸ್ ಇಲ್ಲದೋರನ್ನ ಸೇರಿಸಲ್ಲ ಅಂದಿದ್ದಕ್ಕೆ ರಫೀಕಾ ಜೊತೆ ಜಗಳ ಆಡಿ ಗೆದ್ರು."

"ನನ್ನ ಹೆಸರೂ ಬರೀರಿ. ಕುತ್ತಿಗೆ ತಿರುಗಲ್ಲ, ಕೈ ತಿರುಗುತ್ತೆ."

"ಬರೀತೀನಿ," ಎಂದ ಮೊಂಜಿ. ಗೇರು ಬದಲಿಸಿದ.

"ಮತ್ತೆ, ಅಣ್ಣಾ," ಎಂದ ಸಹಬಿ, ರಸ್ತೆಯನ್ನೇ ನೆಟ್ಟಗೆ ನೋಡುತ್ತ. ಬೇರೆಲ್ಲೂ ನೋಡಲು ಅವನಿಗೆ ಆಗುತ್ತಲೂ ಇರಲಿಲ್ಲ. "ಆ ತಿರುವು ಬಂದಾಗ ಸ್ವಲ್ಪ ನಿಧಾನ."

"ನಿಧಾನವೇ ಹೋಗ್ತಿದೀನಿ."

"ಇನ್ನೂ ಸ್ವಲ್ಪ."