ತೋಟಪ್ಪನವರ ಹತ್ತಿ

ಕೇಳಿದರೆ ಯಾರಾದರೂ ಹೌದೆಂದುಬಿಟ್ಟರೆ? ಕೇಳದೆ ಹೋದರೆ ಅಪ್ಪ ಸಾಲದ ಭಾರ ಹೊತ್ತುಕೊಂಡೇ ಮಣ್ಣಿಗಿಳಿಯಬೇಕಲ್ಲ? ಹರಿಹರದ ಖಬರಸ್ತಾನದಲ್ಲಿ ಅಪ್ಪನ ಶವವಿದ್ದ ಜನಾಜವನ್ನು ಹೆಗಲಿನಿಂದ ಇಳಿಸುವಾಗಲೂ ನೌಮಾನ್‌ಗೆ ಅದೇ ಯೋಚನೆ.

"ಮುಂದೆ ಬಾರೋ," ಸೋದರಮಾವ ಚಮನ್‌ಸಾಬ್ ಬೆನ್ನಿಗೆ ಕೈಯಿಟ್ಟು ದೂಡಿದ. "ನಮಾಜಿಗೆ ಮುಂಚೆ ಸತ್ತೋರ ಸಾಲ ಏನಾದ್ರೂ ಐತಾ ಅಂತ ಮಗನೇ ಕೇಳ್ಬೇಕು. ಹೆದರ್ಕಬ್ಯಾಡ, ಅದೊಂದು ಪದ್ಧತಿ ಅಷ್ಟೆ. ನಮ್ಮಪ್ಪ ಸತ್ತಾಗ ಅರ್ಧ ಊರಿಗೇ ಬಾಕಿ ಇತ್ತು. ಒಬ್ಬನಾದ್ರೂ ಕೆಮ್ಮಿದ್ನಾ?"

ನಮಾಜಿನ ಸಾಲುಗಳ ಹಿಂದೆ, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತವರಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿ ತೋಟಪ್ಪನವರಿದ್ದರು. ಸುದ್ದಿ ಕೇಳಿದವರೇ ಬಸ್ಸು ಹತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನೌಮಾನ್ ಆ ಕಡೆ ನೋಡಲಿಲ್ಲ.

*

ಅಪ್ಪ ಮಸ್ತಾನಸಾಬ್ ಬದುಕಿನುದ್ದಕ್ಕೂ ಹರಿಹರದಿಂದ ಬಸ್ಸಿಗೆ ಹೋಗಿ, ಬಿಲ್ಲು ಹೆಗಲಿಗೇರಿಸಿಕೊಂಡು ದಾವಣಗೆರೆಯ ಕೆ.ಬಿ. ಬಡಾವಣೆಯ ಬೀದಿಗಳಲ್ಲಿ ಹತ್ತಿ ಹಿಂಜಿದವನು. ಬಿಲ್ಲಿನ ನಾದ ಕೇಳಿದರೆ ಹೆಂಗಸರು ಗಂಟುಗಟ್ಟಿದ ಹಾಸಿಗೆಗಳನ್ನು ಅಂಗಳಕ್ಕೆ ಎಳೆದು ತರುತ್ತಿದ್ದರು. ಸ್ಪಂಜಿನ ಹಾಸಿಗೆ ಬಂದ ಮೇಲೆ ಬಾಗಿಲು ತೆರೆಯುವವರು ಕಡಿಮೆಯಾದರು. ಹೋದ ಚಳಿಗಾಲದಲ್ಲಿ ಆನೆಕೊಂಡದ ಒಂದು ಮದುವೆಮನೆಯವರು ಹೊಸ ಹಾಸಿಗೆ ಬೇಕೆಂದಾಗ ಅವನಿಗೆ ಪ್ರಾಯ ಮರಳಿದಂತಾಯಿತು. ಮಗನನ್ನು ಕರೆದುಕೊಂಡು ತೋಟಪ್ಪನವರ ಅಂಗಡಿಗೆ ಹೋದ.

"ಇಷ್ಟು ಹತ್ತಿ ಉದ್ರಿ ಕೊಟ್ರೆ ಹೆಂಗೋ ಮಸ್ತಾನಾ? ನಿನ್ನ ಹಳೇ ಬಾಕೀನೇ ಗಡ್ಡ ಬಿಟ್ಕಂಡು ಕುಂತೈತೆ."

"ಮಗ ಫ್ಯಾಕ್ಟ್ರಿಯಾಗ ಅದಾನಲ್ರಿ ಸಾವ್ಕಾರ್ರೆ. ಮದ್ವಿಮನಿ ರೊಕ್ಕ ತಡ ಆದ್ರೆ ಅವನ ಸಂಬಳ ಐತೆ."

ತೋಟಪ್ಪನವರು ನೌಮಾನ್‌ನ ಮುಖ ನೋಡಿದರು. ಕಾರ್ಖಾನೆಯವರು ತೊಂಬತ್ತೆಂಟರ ದೀಪಾವಳಿಗೆ ಮೊದಲೇ ಹಂಗಾಮಿ ನೌಕರರನ್ನೆಲ್ಲ ತೆಗೆದುಹಾಕಿದ್ದರು, ಅವನನ್ನೂ. ಆಮೇಲೂ ಅವನು ದಿನಾ ಬುತ್ತಿ ಹಿಡಿದು ಹೊರಟು, ಹೊಳೆದಂಡೆಯಲ್ಲಿ ಕೂತು, ಸಂಜೆ ಮನೆಗೆ ಬರುತ್ತಿದ್ದ. ಗೆಳೆಯರಿಂದ ಕೈಗಡ ತಂದು ಸಂಬಳವೆಂದು ಅಮ್ಮನ ಕೈಗಿಡುತ್ತಿದ್ದ. ತೋಟಪ್ಪನವರ ಮುಂದೆ ಆಗಲಾದರೂ ಬಾಯಿ ಬಿಡಬಹುದಿತ್ತು. ಅಪ್ಪ ನಗುತ್ತಿದ್ದ. ನೌಮಾನ್ ಬಗ್ಗಿ ಹತ್ತಿಯ ಮೂಟೆಯನ್ನು ಎತ್ತಿಕೊಂಡ.

ಮದುವೆಮನೆಯವರು ಕೊನೆಗೆ ಸ್ಪಂಜನ್ನೇ ಕೊಂಡರು. ಹೊಲಿದ ಹಾಸಿಗೆಗಳು ಮನೆ ತುಂಬ ಉಳಿದವು. ಜ್ವರ ಹಿಡಿದಾಗಲೂ ಮಸ್ತಾನಸಾಬ್ ಅವುಗಳ ಮೇಲೆ ಮೈ ಚಾಚಲು ಒಪ್ಪಲಿಲ್ಲ. "ಅದು ಮಾರೋ ಮಾಲು," ಎಂದ. ಚಾಪೆಯ ಮೇಲೆಯೇ ಸತ್ತ.

*

"ನಮ್ಮಪ್ಪ ಯಾರಿಗಾದ್ರೂ ಕೊಡೋದಿದ್ರೆ..." ನೌಮಾನ್ ಸಾಲುಗಳ ಕಡೆ ತಿರುಗಿದ. "ಮಾಫ್ ಮಾಡ್ರಿ. ಇಲ್ಲಾಂದ್ರೆ ಈಗ ಹೇಳ್ರಿ."

"ಮಾಫ್, ಮಾಫ್," ಎಂದು ಸಾಲುಗಳು ಗೊಣಗಿದವು. ಇಮಾಮರು ಇನ್ನೇನು ನಮಾಜಿಗೆ ಕೈಯೆತ್ತಬೇಕು, ಹಿಂದಿನಿಂದ ದನಿ ಬಂತು.

"ನಂದೈತಪ್ಪ. ಹತ್ತೀದು."

ಎಲ್ಲರೂ ತಿರುಗಿದರು.

"ಏನ್ರಿ ಸಾವ್ಕಾರ್ರೆ," ಚಮನ್‌ಸಾಬ್ ಕೆರಳಿದ, "ಹೆಣದ ಮುಂದೆ ವಸೂಲಿಗೆ ನಿಂತ್ರಾ? ತಕ್ಕಡೀನೂ ತಂದೀರೇನು?"

ತೋಟಪ್ಪನವರು ಗಾಬರಿಯಾದರು. "ಅಯ್ಯೋ, ಹುಡುಗ ಕೇಳಿದ ಅಂತ ಹೇಳ್ದೆ. ಹೇಳಬಾರ್ದಿತ್ತಾ? ನಿಮ್ಮ ಪದ್ಧತಿ ನಂಗೇನು ಗೊತ್ತು? ಸಾವಿನ ಮುಂದೆ ಸುಳ್ಳಾಡಬಾರ್ದು ಅಂತ..."

"ಬಿಟ್ಟೆ ಅಂತ ಒಂದ್ಮಾತು ಅನ್ರಿ. ಮುಗೀತು."

ತೋಟಪ್ಪನವರು ನೆಲ ನೋಡಿದರು. "ಅದೊಂದು ಆಗಲ್ಲಪ್ಪ. ಬಟ್ಟೆ ಗಿರಣಿ ಮುಚ್ಚಿದ ಮ್ಯಾಲೆ ನನ್ನ ಅಂಗಡೀನೂ ಅಷ್ಟರಾಗೇ ಐತೆ. ನಾನೂ ಇನ್ನೊಬ್ರಿಗೆ ಕೊಡೋದೈತೆ."

ಬಿಳಿ ಬಟ್ಟೆಯಲ್ಲಿ ಸುತ್ತಿದ ಅಪ್ಪ ಬಿಸಿಲಿನಲ್ಲಿ ಕಾಯುತ್ತಿದ್ದ.

"ಆ ಸಾಲ ನೀನು ಹೊರ್ತೀಯೇನಪ್ಪ?" ಇಮಾಮರು ಮೆಲ್ಲಗೆ ಕೇಳಿದರು.

"ಹೂಂ."

ನಮಾಜು ಮುಗಿಯಿತು. ಅಪ್ಪನನ್ನು ಗುಂಡಿಗಿಳಿಸಿದರು. ಎಲ್ಲರೂ ಹಾಕಿದ ಮೇಲೆ ತೋಟಪ್ಪನವರೂ ಹಿಡಿ ಮಣ್ಣು ಹಾಕಿ, ಹಾಗೇ ನೌಮಾನ್‌ನ ಪಕ್ಕಕ್ಕೆ ಬಂದರು.

"ತಪ್ಪು ತಿಳ್ಕಬ್ಯಾಡಪ್ಪ. ಒಮ್ಮೆಗೇ ಕೊಡು ಅನ್ನಲ್ಲ. ಸಂಬಳದಾಗ ತಿಂಗ್ಳಾ ಸ್ವಲ್ಪ ಸ್ವಲ್ಪ ಮುಟ್ಟಿಸು. ನಿನ್ನ ಕೆಲ್ಸ ಗಟ್ಟಿ ಐತಲ್ಲ, ನಂಗದೇ ಧೈರ್ಯ."

ನೌಮಾನ್ ಹಸಿಮಣ್ಣು ಮೆತ್ತಿದ ಅಂಗೈಗಳನ್ನು ನೋಡುತ್ತ ತಲೆಯಾಡಿಸಿದ. ಕೆಲಸ ಹೋದದ್ದನ್ನು ಅವನು ಅಪ್ಪನಿಗೂ ಹೇಳಿರಲಿಲ್ಲ. ತೋಟಪ್ಪನವರಿಗೂ ಹೇಳಲಿಲ್ಲ.