ಸಂದಿಗೆ ನುಗ್ಗದ ಗಾಡಿ

ಸ್ಟೇರಿಂಗು ಕೈಯಲ್ಲಿ ನಡುಗುತ್ತಿಲ್ಲ, ಇದೆಂಥ ಕರೆಂಟ್ ಗಾಡಿ, ಓಡುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ, ಡೀಸೆಲ್ ಗಾಡಿಯ ಗಡಗಡಕ್ಕೆ ಒಗ್ಗಿದ ಮೈ ಜಂಪಣ್ಣನದು, ಸದ್ದಿಲ್ಲದಿದ್ದರೆ ಏನೋ ಕೆಟ್ಟಿತೆಂದೇ ಕಾಲು ಬ್ರೇಕಿಗೆ ಹೋಗುತ್ತದೆ — ಪಕ್ಕದಲ್ಲಿ ಕೂತ ಷೋರೂಮಿನ ರವಿತೇಜ ಮಾತ್ರ ಚಳ್ಳಕೆರೆ ಬಿಟ್ಟಾಗಿನಿಂದ ಬಾಯಿ ಮುಚ್ಚಿಲ್ಲ, ಅಣ್ಣಾ, ನಿಮ್ಮ ಕೆಲಸಕ್ಕೆ ಚಿಕ್ಕದೇ ಸಾಕು, ಕಾಟಪ್ಪಣ್ಣ ತಗಂಡಿದ್ದಾರಲ್ಲ ಅದು, ಕಂತೂ ಕಮ್ಮಿ — ಮುಚ್ಚಲೇ, ಅವನ ಹೆಸರು ಎತ್ತಬ್ಯಾಡ, ಅವನದಕ್ಕಿಂತ ದೊಡ್ಡದು ಯಾವುದೈತೆ ಅದನ್ನ ತೆಗಿ ಅಂತ ಷೋರೂಮಿನಲ್ಲೇ ಗದರಿ, ಈ ದೊಡ್ಡದನ್ನು ಓಡಿಸಿ ನೋಡಲು ತಂದದ್ದು. ಕಾಟಪ್ಪ, ಹೆಂಡತಿಯ ತಂಗಿಯ ಗಂಡ, ಅವನಿಗೆ ಗಾಡಿ ಕಲಿಸಿದ್ದು ಯಾರು, ತಳಕಿನ ಬಯಲಲ್ಲಿ ಗೇರು ಕಿರ್ರೆನ್ನಿಸಿ ಬೈಸಿಕೊಂಡವನು ಈಗ ಬಿಳೀ ಕರೆಂಟ್ ಗಾಡಿಯ ಮಾಲೀಕ, ಫೋನು ಚಾರ್ಜಿಗಿಟ್ಟ ಹಾಗೆ ಮನೆ ಮುಂದೆ ವೈರು ಸಿಕ್ಕಿಸಿ ಗೊರಕೆ ಹೊಡೆಯುತ್ತಾನೆ, ಹೆಂಡತಿ ನಿರ್ಮಲಾ ಬೇರೆ ಅದರಲ್ಲಿ ತವರಿಗೆ ಹೋಗಿ ಬಂದು, ಏನ್ರೀ, ಕೂತಿದ್ದೇ ಗೊತ್ತಾಗಲ್ಲ, ಸೊಂಟ ನೋಯಲೇ ಇಲ್ಲ ಕಣ್ರೀ ಅಂದಳು, ಹಾಗಾದರೆ ಇಷ್ಟು ವರ್ಷ ನನ್ನ ಪಕ್ಕ ಕೂತು ಸೊಂಟ ನೋಯಿಸಿಕೊಂಡಳೇ, ಒಂದು ದಿನವೂ ಬಾಯಿ ಬಿಡದೆ — ಮುದ್ದೆ ಇಳಿಯಲಿಲ್ಲ ಅವತ್ತು.

ಅದನ್ನಾದರೂ ನುಂಗಬಹುದಿತ್ತು, ಪೆದ್ದಮ್ಮನ ಬಾಡಿಗೆ ಹೋಯಿತಲ್ಲ, ಅದು ಗಂಟಲಲ್ಲೇ ಇದೆ, ಮೊಳಕಾಲ್ಮೂರಿನ ಅವಳ ಮಗ್ಗದ ರೇಷ್ಮೆ ಸೀರೆಗಳ ಗಂಟು ಚಳ್ಳಕೆರೆಗೆ ತಲುಪಿಸುತ್ತಿದ್ದವನು ಜಂಪಣ್ಣನೇ, ಒಂದು ದಿನ ತೆಲುಗು ಬೆರೆಸಿ ಮಾತಾಡೋ ಮುದುಕಿ ಗಂಟಿಗೆ ಮೂಗು ಹಚ್ಚಿ, ಡೀಸೆಲ್ ವಾಸನೆ ನಾಯನಾ, ಮದುವೆ ಹೆಣ್ಣು ಉಡೋ ಸೀರೆ ಇದು ಅಂದಳು, ಮರುವಾರವೇ ಗಂಟು ಕಾಟಪ್ಪನ ಪಾಲಿಗೆ. ಇವತ್ತು ಅದನ್ನು ವಾಪಸ್ ತರಬೇಕು, ಇದೇ ಗಾಡಿಯನ್ನು ಅವಳ ಬಾಗಿಲಲ್ಲಿ ನಿಲ್ಲಿಸಬೇಕು — ಕಸುವು ನೋಡಲು ತಳಕಿನಲ್ಲಿ ಈರುಳ್ಳಿ ಚೀಲ ಹೇರಿಸಿದ್ದಾಯಿತು, ಖಾಲಿ ಗಾಡಿ ಓಡೋದೇನು ಮಹಾ, ದಿಬ್ಬ ಹತ್ತಿತು, ಏದುಸಿರಿಲ್ಲ, ಚೀಲಗಳನ್ನು ಮೊಳಕಾಲ್ಮೂರಿನ ಅಂಗಡಿಯಲ್ಲಿ ಇಳಿಸಿ ನೇರ ನೇಕಾರರ ಸಂದಿಗೆ, ಆದರೆ ಸಂದಿ ಇಷ್ಟು ಕಿರಿದಿತ್ತೇ, ಎರಡೂ ಕನ್ನಡಿ ಗೋಡೆಗೆ ತಾಕಿ ಗಾಡಿ ಸಂದಿಯ ಬಾಯಲ್ಲೇ ನಿಂತಿತು, ಒಳಗೆ ಪೆದ್ದಮ್ಮನ ಬಾಗಿಲಿಗೆ ಒರಗಿದಂತೆ ಕಾಟಪ್ಪನ ಚಿಕ್ಕ ಗಾಡಿ, ಅವಳ ಸೊಸೆ ವೀಣಾ ಗಂಟು ಎತ್ತಿ ಕೊಡುತ್ತಿದ್ದಾಳೆ, ಕಾಟಪ್ಪ ಗಾಡಿಯ ಮೇಲೆ ಬರಿಗಾಲಲ್ಲಿ, ಒಗೆದ ಪಂಚೆ ಹಾಸಿದ್ದಾನೆ, ಅವನ ಚಪ್ಪಲಿ ಕೆಳಗೆ. ಬಾ ಅಣ್ಣಾ, ಕಾಫಿ ಕುಡಿಯುವಂತೆ, ಅಂತ ನಗುತ್ತಾನೆ, ಆ ನಗೆಯನ್ನು ಗೋಡೆಗೆ ಒರೆಸಬೇಕು, ಅಷ್ಟರಲ್ಲಿ ಪೆದ್ದಮ್ಮ ಸೊಂಟ ಹಿಡಿದು ಬಂದಳು, ಏಮಯ್ಯಾ ಜಂಪಣ್ಣ, ನೀನೂ ತಗಂಡ್ಯಾ — ತೊಟ್ಟು ಡೀಸೆಲ್ ಇಲ್ಲ ಪೆದ್ದಮ್ಮಾ, ಬೇಕಾದ್ರೆ ಮೂಸಿ ನೋಡ್ರಿ ಅಂದುಬಿಟ್ಟ, ಮುದುಕಿ ನಿಜಕ್ಕೂ ಕನ್ನಡಿ ಕೆಳಗೆ ನುಸುಳಿ ಹಿಂದಿನ ಬಾಗಿಲಿಗೆ ಬಗ್ಗಿ ಉಸಿರೆಳೆದು, ಸೆರಗು ಮೂಗಿಗೆ ಒತ್ತಿ, ಅಯ್ಯೋ, ಈರುಳ್ಳಿ ನಾಯನಾ, ಸಿಪ್ಪೆ ಗುಡಿಸದಂಗೇ ತಂದೀಯಲ್ಲೋ, ಇದರಾಗೆ ಸೀರೆ ಕೊಟ್ರೆ ಸಾರು ಮಾಡಬೇಕಾಗ್ತೈತೆ, ವೀಣಾ ಕಿಸಕ್ಕನೆ ನಕ್ಕಳು, ಪೆದ್ದಮ್ಮ ಒಳಕ್ಕೆ ಹೊರಟೇಬಿಟ್ಟಳು. ತೊಳಿತೀನಿ ಪೆದ್ದಮ್ಮಾ, ಸೋಪು ಹಾಕಿ ತೊಳಿತೀನಿ, ಅನ್ನಬೇಕಿತ್ತು, ಅಷ್ಟರಲ್ಲಿ ಅಣ್ಣಾ, ಚಿಕ್ಕದಾಗಿದ್ರೆ ಬಾಗಿಲವರೆಗೂ ಹೋಗ್ತಿತ್ತು, ಅದನ್ನೇ ಬುಕ್ ಮಾಡಲಾ, ಅಂತ ರವಿತೇಜ, ಕೆನ್ನೆಗೆ ಬಿಗಿಯಬೇಕು ಇವನಿಗೆ, ಮಾಡು, ಚಿಕ್ಕದೇ ತರ್ತೀನಿ, ತಂದರೆ ಅದರಲ್ಲೂ ಈರುಳ್ಳಿ ಹೇರಿ ಹಾಗೇ ಬರುತ್ತಿದ್ದೆನಲ್ಲ, ಬೆಳಗ್ಗೆ ದೊಡ್ಡಿಯ ಸಗಣಿ ಮೆಟ್ಟಿದ ಕಾಲಲ್ಲೇ ಹಿಂದಕ್ಕೆ ಹತ್ತಿದೆನಲ್ಲ, ಗಾಡಿ ಯಾವುದಾದರೇನು, ಹತ್ತೋ ಕಾಲು — ಯಾರು ಕಲಿಸಿದರು ಕಾಟಪ್ಪನಿಗೆ ಬರಿಗಾಲಲ್ಲಿ ಹತ್ತೋದನ್ನ, ನಾನಂತೂ ಅಲ್ಲ, ನಾನು ಕಲಿಸಿದ್ದು ಗೇರು, ಕ್ಲಚ್ಚು, ಬೈಗುಳ — ನೋಡಬಾರದು ಆ ಕಡೆ, ಆದರೂ ನೋಡುತ್ತಿದ್ದಾನೆ ಜಂಪಣ್ಣ, ಕಾಟಪ್ಪನ ಚಪ್ಪಲಿ, ಗಾಡಿಯ ಪಕ್ಕ, ಮಣ್ಣಿನ ಮೇಲೆ, ಒಂದರ ಪಕ್ಕ ಒಂದು, ಚಪ್ಪಲಿ