ಕೈಗುಣ

"ಸ್ವಲ್ಪ ಬಲಕ್ಕೆ... ಹಾಂ, ಹಾಗೇ ಹಿಡ್ಕೊಳ್ಳಿ, ಬಿಟ್ಟುಬಿಟ್ಟೀರ ಮತ್ತೆ" ಎಂದು ಉಜ್ಜನಪ್ಪ ಹೇಳುತ್ತಿದ್ದರೆ, ರೇಣುಕಾಪ್ರಸಾದ್ ವಿಶ್ವಾರಾಧ್ಯನ ತಲೆಯನ್ನು ಎರಡೂ ಕೈಯಲ್ಲಿ ಗೋಡೆಗೆ ಒತ್ತಿ ಹಿಡಿದಿದ್ದ. ಪದ್ಧತಿಯಂತೆ ಕೂರಿಸಿದ ಹೆಣ; ತಲೆ ಮಾತ್ರ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಬದುಕಿದ್ದಾಗಲೂ ವಿಶ್ವಾರಾಧ್ಯ ಯಾರಾದರೂ ಮಾತಾಡಿದರೆ ತಲೆಯನ್ನು ಹೀಗೇ ವಾಲಿಸಿ ಕೇಳುತ್ತಿದ್ದ. ಆಡಿದವರಿಗೆ ತಮ್ಮ ಮಾತು ಬಹಳ ತೂಕದ್ದೆಂದು ಅನ್ನಿಸಿಬಿಡುತ್ತಿತ್ತು. ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಆಟ, ಎಂದುಕೊಂಡ ರೇಣುಕಾಪ್ರಸಾದ್.

ಉಜ್ಜನಪ್ಪ ತಂಗಿಯ ಗಂಡನ ಹಣೆಗೆ ಬಿಳಿ ಬಟ್ಟೆ ಸುತ್ತಿ, ಹಿಂದಿನ ಕಿಟಕಿಯ ಸರಳಿಗೆ ಬಿಗಿದರು. ಎಡ ಅಂಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಕೊರಳಲ್ಲಿ ಆಗಲೇ ಗಲ್ಲದವರೆಗೆ ಬಂದಿದ್ದ ಹಾರಗಳು. ಹಿಂದಿನ ಸಂಜೆ ಟೀ ಕುಡಿಯುತ್ತ ಎದೆ ಹಿಡಿದುಕೊಂಡವನು ಆಸ್ಪತ್ರೆಗೆ ಆಟೋ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಭದ್ರಾವತಿಯ ಜನ್ನಾಪುರದ ಆ ಮನೆಯ ಮುಂದಿನ ಕೋಣೆಯಲ್ಲೇ 'ಸ್ಫೂರ್ತಿ ಕಂಪ್ಯೂಟರ್ಸ್' ಇತ್ತು, ಮಗಳ ಹೆಸರಿನದು. ಈಗ ಅಲ್ಲಿನ ಕುರ್ಚಿಗಳೆಲ್ಲ ರಸ್ತೆಯ ಶಾಮಿಯಾನದ ಕೆಳಗೆ ಬಂದಿದ್ದವು. ಸಾಲದೆ ಜನ ಕಾಂಪೌಂಡಿನ ಮೇಲೂ ಕೂತಿದ್ದರು. ಶಿವಮೊಗ್ಗದಿಂದ ಮೊದಲ ಬಸ್ಸಿಗೇ ಬಂದಿದ್ದ ರೇಣುಕಾಪ್ರಸಾದ್ ಕೈ ತೊಳೆದುಕೊಳ್ಳುತ್ತ ಆ ಜನವನ್ನು ನೋಡಿದ. ತನ್ನದು ಕೋಟೆ ರಸ್ತೆಯ ಮಹಡಿಯ ಮೇಲಿನ ಕಂಪ್ಯೂಟರ್ ಸೆಂಟರ್. ಏಸಿ ಇದೆ, ಸರ್ಟಿಫಿಕೇಟ್ ಕೊಡುತ್ತದೆ. ತಾನು ಹೋದರೆ ಇದರಲ್ಲಿ ಅರ್ಧ ಜನವಾದರೂ ಬಂದಾರೆಯೇ? ಉತ್ತರ ಗೊತ್ತಿದ್ದುದರಿಂದ ಟವೆಲಿಗೆ ಜೋರಾಗಿ ಮುಖ ಒರೆಸಿಕೊಂಡ.

"ನಮ್ಮ ಸ್ಕೂಲ್ ಕಂಪ್ಯೂಟರ್‌ನಲ್ಲಿ ಪರದೆ ಮೇಲಿನ ಒಂದೊಂದು ಚಿತ್ರದ ಮೂಲೇಲೂ ಪುಟ್ಟ ಬಾಣ ಇರ್ತಿತ್ತು" ಎನ್ನುತ್ತಿದ್ದರು ಶಿಶುವಿಹಾರ ನಡೆಸುವ ಜಯಶೀಲಾ ಟೀಚರ್. "ಮಕ್ಕಳಿರೋ ಜಾಗ, ಈ ಬಾಣಗೀಣ ಯಾಕೆ ವಿಶ್ವಣ್ಣ, ಅಂದೆ. ಕೈ ಇಟ್ರು ನೋಡಿ, ಒಂದೂ ಇಲ್ಲ! ಬೇರೆ ಯಾರಿಗೂ ಮಾಡ್ಕೊಡಲ್ಲ ಟೀಚರ್, ನಿಮಗೆ ಅಂತ ಮಾಡ್ದೆ, ಅಂದ್ರು."

"ನಿಮಗೂ ಹಂಗೇ ಅಂದ್ರಾ?" ಪಕ್ಕದ ಜೆರಾಕ್ಸ್ ಅಂಗಡಿಯ ಬಾಬು ಸಾಬ್ ಟೀ ಲೋಟ ಕೆಳಗಿಟ್ಟರು. "ನಮ್ದ್ರಲ್ಲಿ ರಿಸೈಕಲ್ ಬಿನ್ ಅಂತ ಇತ್ತಲ್ಲ, ಅದ್ಕೆ ಕಚರಾ ಡಬ್ಬಾ ಅಂತ ಹೆಸರು ಬರ್ಸಿದ್ರು. ಶಿವಮೊಗ್ಗದಲ್ಲೆಲ್ಲ ಕೇಳ್ದೆ ರೀ, ಆ ಹೆಸರು ಬದ್ಲಾಗೋದೇ ಇಲ್ಲ ಅಂದ್ರು. ನಿಮಗೊಬ್ರಿಗೇ ಬಾಬು ಸಾಬ್, ಅಂತ ನಂಗೆ ಹೇಳಿದ್ದು."

"ಹೆಸರು ಬದಲಾಯ್ಸೋದು ಸುಲಭ ಇರ್ಬೇಕು" ಎಂದರು ಜಯಶೀಲಾ, ಸೆರಗು ಸರಿಪಡಿಸಿಕೊಂಡು. "ಬಾಣ ತೆಗೆಯೋದು ಕಷ್ಟ."

"ನೀವಿಬ್ರೂ ಸುಮ್ನಿರಿ" ಎಂದರು ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಉಜ್ಜನಪ್ಪ. "ನಮ್ಮ ಅಧ್ಯಕ್ಷರ ಅಳಿಯ ಬಂದು ಬಂದು ಆಫೀಸ್ ಕಂಪ್ಯೂಟರಲ್ಲಿ ಇಸ್ಪೀಟ್ ಆಡ್ತಿದ್ದ. ಭಾವ ಬಂದು ಡಿ ಡ್ರೈವನ್ನೇ ಮಾಯ ಮಾಡ್ಬಿಟ್ರು. ಇರೋದೆಲ್ಲ ಇದೆ, ಆದ್ರೆ ಕಣ್ಣಿಗೆ ಕಾಣಲ್ಲ. ಅಷ್ಟೊಂದು ಓದ್ದೋರು ಶಿವಮೊಗ್ಗದಲ್ಲಿದಾರೆ, ಬರುತ್ತಾ? ಕೈಗುಣ ಕಣ್ರಿ, ಕೈಗುಣ."

ಭದ್ರಾವತಿಯಲ್ಲಿ ಕೈಗುಣವೆಂಬ ಮಾತು ಮೊದಲು ನಾಟಿ ವೈದ್ಯರಿಗೆ, ಉಪ್ಪಿನಕಾಯಿ ಹಾಕುವ ಹೆಂಗಸರಿಗೆ, ಸಸಿ ನೆಡುವವರಿಗೆ ಮೀಸಲಾಗಿತ್ತು. ಅದು ಕಂಪ್ಯೂಟರಿಗೂ ಬಂದದ್ದು ವಿಶ್ವಾರಾಧ್ಯನಿಂದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ರೇಣುಕಾಪ್ರಸಾದ್ ಮನಸ್ಸಿನಲ್ಲೇ ತಿದ್ದುತ್ತಿದ್ದ. ಅದು ಕೈಗುಣವಲ್ಲ, ಸಾಫ್ಟ್‌ವೇರು. ಹೆಸರು ಟ್ವೀಕ್ ಯುಐ. ವಿಂಡೋಸ್ ತಯಾರಿಸಿದವರೇ ಪುಕ್ಕಟೆಯಾಗಿ ಬಿಟ್ಟಿದ್ದು. ಸಾಮಾನ್ಯ ಜನ ಮುಟ್ಟಬಾರದೆಂದು ಅವರೇ ಬಚ್ಚಿಟ್ಟ ಸೆಟ್ಟಿಂಗುಗಳನ್ನು ತೆರೆದು ತೋರಿಸುತ್ತದೆ. ಒಂದು ರೈಟ್ ಮಾರ್ಕು ತೆಗೆದರೆ ಡ್ರೈವ್ ಮಾಯ, ಹಾಕಿದರೆ ಹಾಜರು. ಅದನ್ನು ವಿಶ್ವಾರಾಧ್ಯನಿಗೆ ಕೊಟ್ಟವನು ತಾನು. ಇಷ್ಟನ್ನು ನಾಲ್ಕು ಜನರೆದುರು ಹೇಳಬೇಕೆಂದು ವರ್ಷಗಳಿಂದ ಕಾದಿದ್ದ. ಇವತ್ತು ಹೇಳದಿದ್ದರೆ ಸಂಜೆಯೊಳಗೆ ಆ ಮಾತೂ ರುದ್ರಭೂಮಿಯಲ್ಲಿ ಮಣ್ಣಾಗುತ್ತದೆ.

*

ತಾನು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹುಡುಗರು ಬರುವುದು ನಿಂತ ಮೇಲೆ ವಿಶ್ವಾರಾಧ್ಯ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಕೋಟೆ ರಸ್ತೆಗೆ ಕಂಪ್ಯೂಟರ್ ಕಲಿಯಲು ಬರತೊಡಗಿದ್ದ. ತೊಂಬತ್ತೊಂಬತ್ತರ ಮಾತು. ತನ್ನ ವಯಸ್ಸಿನವನೇ ಆದ ಈ ವಿದ್ಯಾರ್ಥಿಯನ್ನು ರೇಣುಕಾಪ್ರಸಾದ್ ಇಷ್ಟಪಟ್ಟ. ಬೆರಗಾಗುವುದು ವಿಶ್ವಾರಾಧ್ಯನಿಗೆ ಬರುತ್ತಿತ್ತು. ಉಳಿದ ಹುಡುಗರು ಬರೀ ನೋಟ್ಸ್ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಪತ್ರಿಕೆಯೊಂದರ ಜೊತೆ ಬಂದ ಸೀಡಿಯನ್ನು ಹಾಕಿ, "ಇಲ್ಲಿ ನೋಡು" ಎಂದ ರೇಣುಕಾಪ್ರಸಾದ್. ಎರಡು ಸಲ ಒತ್ತಿದ್ದೇ ಡಿ ಡ್ರೈವ್ ಕಾಣೆಯಾಯಿತು.

"ಅಯ್ಯೋ! ಎಲ್ಲಿ ಹೋಯ್ತು ಸಾರ್?"

"ಎಲ್ಲೂ ಹೋಗಿಲ್ಲ. ಕಾಣಲ್ಲ ಅಷ್ಟೇ." ಮತ್ತೆ ಒತ್ತಿದ. ಬಂತು.

ವಿಶ್ವಾರಾಧ್ಯ ತಲೆಯನ್ನು ಎಡಕ್ಕೆ ವಾಲಿಸಿ ಬಹಳ ಹೊತ್ತು ಪರದೆ ನೋಡಿದ. "ಹಂಗಾದ್ರೆ ಇದ್ರೊಳಗೆ ನಮಗೆ ತೋರಿಸ್ದೇ ಇರೋದು ಇನ್ನೂ ಎಷ್ಟಿದೆಯೋ" ಎಂದ. ಆಮೇಲೆ ಜೇಬಿನಿಂದ ಫ್ಲಾಪಿ ತೆಗೆದು, "ನಂಗೊಂದು ಕಾಪಿ ಹಾಕ್ಕೊಡ್ತೀರಾ ಸಾರ್?" ಎಂದು ಕೇಳಿದ.

ಜನ್ನಾಪುರದ ಸೆಂಟರನ್ನು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದವನೂ ರೇಣುಕಾಪ್ರಸಾದನೇ. ಆರು ತಿಂಗಳಲ್ಲಿ 'ಸಾರ್' ಹೋಗಿ 'ಮಾರಾಯ' ಬಂತು. ವರ್ಷದೊಳಗೆ ವಿಶ್ವಾರಾಧ್ಯ ವಿಶ್ವಣ್ಣನಾದ. ಕಂಪ್ಯೂಟರಿನ ಮುಂದೆ ಕೂತರೆ ಮೊದಲು ಕರ್ಚೀಫಿನಿಂದ ಪರದೆ ಒರೆಸುವುದು, ಕಣ್ಣು ಮುಚ್ಚಿ ಎರಡು ನಿಮಿಷ ಸುಮ್ಮನಿರುವುದು, "ಸ್ವಲ್ಪ ಆ ಕಡೆ ತಿರುಗಿ" ಎಂದು ಮನೆಯವರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ತಿರುಗಿದರೆ ಕೆಲಸ ಆಗಿರುತ್ತಿತ್ತು.

ಒಂದು ಸಂಜೆ ರೇಣುಕಾಪ್ರಸಾದ್ ಗೋಪಾಳದ ತನ್ನ ಮನೆಗೆ ಹೋದರೆ ಜಗಲಿಯ ಮೇಲೆ ಗುರುತಿನ ಚಪ್ಪಲಿ. ಒಳಗೆ ವಿಶ್ವಾರಾಧ್ಯ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. ರೇಣುಕಾಪ್ರಸಾದನ ಹೆಂಡತಿ ಭವಾನಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ನಮ್ಮ ಕಸದ ಬುಟ್ಟಿಗೂ ಹೆಸರು ಬದಲಾಯ್ಸಿಕೊಟ್ರು ರೀ" ಎಂದಳು, ಈ ಕಡೆ ತಿರುಗಿ ಪರದೆ ನೋಡಿ. "ತಿಪ್ಪೆ ಅಂತ! ಇಷ್ಟು ದಿನ ಕಂಪ್ಯೂಟರ್ ಕಲಿಸ್ತೀರಿ, ನಿಮ್ಮ ಕೈಲಿ ಇದೊಂದು ಆಗ್ಲಿಲ್ಲ."

ಬಸ್‌ಸ್ಟಾಪಿನವರೆಗೂ ರೇಣುಕಾಪ್ರಸಾದ್ ಅವನ ಜೊತೆ ನಡೆದ. ಅಲ್ಲಿ ನಿಂತು, "ಅದೊಂದು ಸಾಫ್ಟ್‌ವೇರು, ನಾನು ಕೊಟ್ಟಿದ್ದು, ಅಂತ ಯಾಕಯ್ಯಾ ಯಾರಿಗೂ ಹೇಳಲ್ಲ ನೀನು?" ಎಂದು ಕೇಳಿದ.

"ಹೇಳಿದ್ರೆ ಮಂಡಕ್ಕಿ ಕೊಡಲ್ಲ ಮಾರಾಯ" ಎಂದು ವಿಶ್ವಾರಾಧ್ಯ ನಕ್ಕ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಬಿಟ್ಟಿ ಸಿಕ್ಕಿದ್ದು ಅಂದ್ರೆ ಜನಕ್ಕೆ ಬೇಜಾರಾಗುತ್ತೆ!" ಎಂದು ಕೂಗಿದ. ಆ ರಾತ್ರಿ ಊಟಕ್ಕೆ ಕೂತ ರೇಣುಕಾಪ್ರಸಾದನಿಗೆ ಉಳಿದ ಮಂಡಕ್ಕಿಯನ್ನೇ ಬಡಿಸಲಾಯಿತು.

*

"ಈ ಫೋಟೋ ಬೇಡ" ಎಂದಳು ಸ್ಫೂರ್ತಿ. ಪಿಯುಸಿ ಓದುವ ಹುಡುಗಿ. ಅತ್ತು ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು. ಹೆಣ ಕೂರಿಸಿ ಒಯ್ಯಲು ಹೂವಿನಿಂದ ಅಲಂಕರಿಸಿದ್ದ ವಿಮಾನದ ಮುಂಭಾಗಕ್ಕೆ ಕಟ್ಟಲು ಉಜ್ಜನಪ್ಪ ತಂದಿದ್ದದ್ದು ರೇಷನ್ ಕಾರ್ಡಿನ ಫೋಟೋದಿಂದ ದೊಡ್ಡದು ಮಾಡಿಸಿದ ಜೆರಾಕ್ಸ್. ಅದರಲ್ಲಿ ವಿಶ್ವಾರಾಧ್ಯ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವನಂತಿದ್ದ. "ಅಪ್ಪ ಚೆನ್ನಾಗಿರೋದು ಒಂದೇ, ಸ್ಕ್ಯಾನ್ ಮಾಡಿ ಇಟ್ಟಿದ್ರು. ಆದ್ರೆ ಅದು ಡಿ ಡ್ರೈವ್‌ನಲ್ಲಿದೆ."

"ಡಿ ಡ್ರೈವ್ ಎಲ್ಲಿದೆ?" ಎಂದರು ಉಜ್ಜನಪ್ಪ.

"ಅಪ್ಪ ಮಾಯ ಮಾಡಿದಾರೆ."

ಮಾಯ ಮಾಡಿದವನು ಒಳಗೆ ಕಿಟಕಿಗೆ ತಲೆ ಕಟ್ಟಿಸಿಕೊಂಡು ಕೂತಿದ್ದ. ವಿಶ್ವಾರಾಧ್ಯನ ಹೆಂಡತಿ ಬಸವರಾಜೇಶ್ವರಿ ಬಾಗಿಲಿಗೆ ಬಂದು, "ಪ್ರಸಾದಣ್ಣ, ನಿಮ್ಮ ಕೈಲಾದ್ರೆ ಒಂದು ಸಲ ನೋಡಿ" ಎಂದರು. ಆಗಲಿಕ್ಕಿಲ್ಲ, ಆದರೂ ಕೇಳಿದೆ ಎನ್ನುವ ಧಾಟಿಯಿತ್ತು ಅದರಲ್ಲಿ.

ರೇಣುಕಾಪ್ರಸಾದ್ ಹೊರಗಿನಿಂದ ಕುರ್ಚಿಯೊಂದನ್ನು ತಂದು ಮುಂದಿನ ಕೋಣೆಯ ಕಂಪ್ಯೂಟರಿನೆದುರು ಕೂತ. ಹಿಂದೆ ಜನ ಸೇರಿದರು. ಹೆಣದ ಮುಂದೆ ಭಜನೆಯವರು ಮಾತ್ರ ಉಳಿದರು. ಜಯಶೀಲಾ ಟೀಚರ್ ಅಭ್ಯಾಸಬಲದಿಂದ ಗೋಡೆಯತ್ತ ತಿರುಗಿದರು.

"ತಿರುಗೋದು ಬೇಡ" ಎಂದ ರೇಣುಕಾಪ್ರಸಾದ್. "ಎಲ್ಲರೂ ನೋಡಿ."

ಕಂಟ್ರೋಲ್ ಪ್ಯಾನೆಲ್ ತೆರೆದ. ಟ್ವೀಕ್ ಯುಐ ಇರಲಿಲ್ಲ. ಅವನಿಗೆ ನಗು ಬಂತು: ಎಲ್ಲವನ್ನೂ ಬಚ್ಚಿಡುವ ಸಾಫ್ಟ್‌ವೇರಿನಿಂದ ವಿಶ್ವಾರಾಧ್ಯ ಆ ಸಾಫ್ಟ್‌ವೇರನ್ನೇ ಬಚ್ಚಿಟ್ಟಿದ್ದ. ರನ್ ಒತ್ತಿ ಅದರ ಹೆಸರು ಟೈಪ್ ಮಾಡಿದ. ಪುಟ್ಟ ಕಿಟಕಿ ತೆರೆಯಿತು. ಅಕ್ಷರಗಳ ಸಾಲಿನಲ್ಲಿ ಡಿ ಮುಂದೆ ಮಾತ್ರ ರೈಟ್ ಮಾರ್ಕು ಇರಲಿಲ್ಲ. ಹಾಕಿದ. ಡ್ರೈವ್ ಬಂತು.

"ಆಹಾ!" ಎಂದರು ಬಾಬು ಸಾಬ್. "ವಿಶ್ವಣ್ಣ ನಿಮಗೂ ಹೇಳ್ಕೊಟ್ಟಿದ್ರಾ?"

ರೇಣುಕಾಪ್ರಸಾದ್ ಕುರ್ಚಿಯಲ್ಲೇ ತಿರುಗಿದ. "ಅವನು ನಂಗಲ್ಲ. ನಾನು ಅವನಿಗೆ ಹೇಳ್ಕೊಟ್ಟಿದ್ದು! ನನ್ನ ಸೀಡಿ, ನಾನೇ ಕಾಪಿ ಹಾಕ್ಕೊಟ್ಟಿದ್ದು. ಕೈಗುಣ ಅಲ್ಲ ಇದು, ಸಾಫ್ಟ್‌ವೇರು. ಯಾರು ಬೇಕಾದ್ರೂ ಮಾಡ್ಬಹುದು, ಚಿಕ್ಕ ಮಕ್ಕಳೂ ಮಾಡ್ಬಹುದು!" ಕೊನೆಗೆ ದನಿ ಒಡೆಯಿತು. ಅದು ಕೋಪಕ್ಕೆ.

ಉಜ್ಜನಪ್ಪ ಅವನ ಬೆನ್ನ ಮೇಲೆ ಕೈಯಿಟ್ಟರು. "ಸಮಾಧಾನ ಮಾಡ್ಕೊಳ್ಳಿ. ನಮಗೂ ಹಾಗೇ ಆಗ್ತಿದೆ."

"ಅತ್ತುಬಿಡಿ ಅಣ್ಣ, ಒಳಗೆ ಇಟ್ಕೋಬೇಡಿ" ಎಂದರು ಜಯಶೀಲಾ. ಬಾಬು ಸಾಬ್ ನೀರು ತಂದರು. "ಎಷ್ಟು ಹಚ್ಕೊಂಡಿದ್ರು ನೋಡಿ ಪಾಪ" ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು. ರೇಣುಕಾಪ್ರಸಾದ್ ನೀರು ಕುಡಿದ. ಬೇರೇನೂ ಮಾಡಲು ಉಳಿದಿರಲಿಲ್ಲ.

ಫೋಟೋ ಸಿಕ್ಕಿತು. ಸೆಂಟರಿನ ಉದ್ಘಾಟನೆಯ ದಿನದ್ದು. ವಿಶ್ವಾರಾಧ್ಯ ಬಿಳಿ ಶರ್ಟಿನಲ್ಲಿ ಬಾಯ್ತುಂಬ ನಗುತ್ತಿದ್ದ. ಪಕ್ಕದಲ್ಲಿ ರೇಣುಕಾಪ್ರಸಾದ್, ಗೆಳೆಯನ ಬೆನ್ನ ಹಿಂದಿನಿಂದ ಬಲಗೈ ಚಾಚಿ ಹೆಗಲ ಮೇಲೆ ಹಾಕಿಕೊಂಡು. ಇದನ್ನು ಇವನು ಇಟ್ಟುಕೊಂಡಿದ್ದಾನೆಂದು ರೇಣುಕಾಪ್ರಸಾದನಿಗೆ ಗೊತ್ತಿರಲಿಲ್ಲ.

"ಇಬ್ರೂ ಇರ್ಲಿ ಹಾಗಾದ್ರೆ" ಎಂದ, ತುಸು ಮೆತ್ತಗಾಗಿ.

"ಛೆ ಛೆ" ಎಂದರು ಉಜ್ಜನಪ್ಪ. "ಬದುಕಿರೋರ ಫೋಟೋ ವಿಮಾನಕ್ಕೆ ಕಟ್ತಾರೇನ್ರಿ? ನಿಮ್ಮನ್ನ ಕತ್ತರಿಸಿ."

ರೇಣುಕಾಪ್ರಸಾದ್ ಪೇಂಟ್‌ನಲ್ಲಿ ಫೋಟೋ ತೆರೆದು, ವಿಶ್ವಾರಾಧ್ಯನ ಸುತ್ತ ಚೌಕ ಎಳೆದು ತನ್ನನ್ನು ಹೊರಗೆ ಬಿಟ್ಟ. ಹೆಗಲ ಮೇಲಿನ ಕೈ ಉಳಿಯಿತು. ಚೌಕ ಇನ್ನಷ್ಟು ಒಳಗೆ ತಂದರೆ ವಿಶ್ವಾರಾಧ್ಯನ ಹೆಗಲೇ ಹೋಗುತ್ತಿತ್ತು.

"ಕೈ ಇರ್ಲಿ ಬಿಡಿ ಅಂಕಲ್" ಎಂದಳು ಸ್ಫೂರ್ತಿ. "ಸ್ವಾಮಿಗಳು ಬಂದ್ರು."

*

ರುದ್ರಭೂಮಿಯಲ್ಲಿ ವಿಧಿಗಳೆಲ್ಲ ಮುಗಿದು, ಗುಂಡಿಯೊಳಗೆ ಕೂತ ವಿಶ್ವಾರಾಧ್ಯನ ಮೇಲೆ ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು ಬಿದ್ದಿತು. ಗುಡ್ಡೆಯಾದ ಹಸಿಮಣ್ಣಿಗೆ, ಮುದ್ರಿಸಿ ವಿಮಾನಕ್ಕೆ ಕಟ್ಟಿದ್ದ ಫೋಟೋವನ್ನು ಒರಗಿಸಿದರು. ಒಂದು ತಟ್ಟೆಯಲ್ಲಿ ಪುಡಿ ಮಾಡಿದ ವಿಭೂತಿ ಇಟ್ಟರು. ಉಜ್ಜನಪ್ಪ ಮೊದಲು ಹೋಗಿ ಚಿತ್ರದ ಹಣೆಗೆ ಮೂರು ಬೆರಳಿನಲ್ಲಿ ಎಳೆದರು. ಅವರ ಹಿಂದೆ ಬಂದ ಜಯಶೀಲಾ ಟೀಚರ್ ಹಣೆಗೆ ಹಚ್ಚಿ, ಒಂದು ಗಳಿಗೆ ನಿಂತು, ಹೆಗಲ ಮೇಲೆ ಕಾಣುತ್ತಿದ್ದ ನಾಲ್ಕು ಬೆರಳುಗಳನ್ನು ನೋಡಿದರು.

"ಇದೇ ಕೈ ಅಲ್ವಾ" ಎಂದು ಆ ಬೆರಳುಗಳ ಮೇಲೂ ವಿಭೂತಿ ಎಳೆದು, ಕಣ್ಣಿಗೊತ್ತಿಕೊಂಡರು.

ಮುಂದಿನವರು ಅದನ್ನು ನೋಡಿದರು. ಅವರೂ ಹಣೆಗೊಮ್ಮೆ, ಬೆರಳಿಗೊಮ್ಮೆ ಹಚ್ಚಿದರು. ಬಾಬು ಸಾಬ್ ಹಚ್ಚಲಿಲ್ಲ, ಬಗ್ಗಿ ಆ ಕೈಯನ್ನು ಮೆಲ್ಲಗೆ ಮುಟ್ಟಿ, ತಮ್ಮ ಎದೆ ಮುಟ್ಟಿಕೊಂಡರು. "ಏನ್ ಕೈ ರೀ ಅದು" ಎಂದರು ಪಕ್ಕದವರಿಗೆ. ಸಾಲು ಬೇಲಿಯವರೆಗೂ ಬೆಳೆದಿತ್ತು. ರೇಣುಕಾಪ್ರಸಾದ್ ತನ್ನ ಸರದಿ ಬರುವ ಮೊದಲೇ ಪಕ್ಕಕ್ಕೆ ಸರಿದು, ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ನಿಂತ. ಎದುರಿಗೆ, ಮಣ್ಣಿನ ಗುಡ್ಡೆಯ ಮೇಲೆ, ಅವನ ನಾಲ್ಕು ಬೆರಳುಗಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು.